ರಕ್ತದಲ್ಲಿ ನಂಜು, ರಕ್ತ ಸೋಸುವ ಯಂತ್ರಗಳು: ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಐಸಿಯು ಬಾಗಿಲ ಹೊರಗೆ ಕೂತವರಿಗೆ ಸಮಯ ಕಡಿಮೆ, ಭಯ ಜಾಸ್ತಿ. ಒಳಗಿನಿಂದ ಯಾರೋ ಬಂದು "ರಕ್ತಕ್ಕೆ ಸೋಂಕು ಹೋಗಿದೆ, ರಕ್ತ ಶುದ್ಧಿ ಮಾಡಬೇಕು, ಇಲ್ಲಿ ಸಹಿ ಹಾಕಿ" ಅನ್ನುತ್ತಾರೆ. ಏನು ಮಾಡುತ್ತಾರೆ, ಅದರಿಂದ ಏನಾಗುತ್ತದೆ ಅಂತ ಕೇಳುವಷ್ಟರಲ್ಲಿ ಅವರು ಒಳಗೆ ಹೋಗಿರುತ್ತಾರೆ. ಆ ಹೊತ್ತಿನಲ್ಲಿ ಕೈಗೆ ಸಿಗಲಿ ಅಂತ ಇದನ್ನು ಬರೆದಿದ್ದೇನೆ. ಚಿಕಿತ್ಸೆಯ ತೀರ್ಮಾನ ರೋಗಿಯನ್ನು ಕಣ್ಣಾರೆ ನೋಡುತ್ತಿರುವ ವೈದ್ಯರದ್ದು. ಅವರ ಹತ್ತಿರ ಸರಿಯಾದ ಪ್ರಶ್ನೆ ಕೇಳಲು ಇದು ನೆರವಾದರೆ ಸಾಕು.

ರಕ್ತದಲ್ಲಿ ನಂಜು ಅಂದರೆ ಮೈಯೊಳಗೆ ಏನಾಗಿರುತ್ತದೆ?

ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಮೊದಲು ಒಂದು ಕಡೆ ಬೀಡು ಬಿಡುತ್ತವೆ. ಅದು ಶ್ವಾಸಕೋಶ ಇರಬಹುದು, ಮೂತ್ರದ ದಾರಿ ಇರಬಹುದು, ಹೊಟ್ಟೆಯೊಳಗಿನ ಕೀವು ಇರಬಹುದು, ಚರ್ಮದ ಗಾಯವೂ ಇರಬಹುದು. ಅಲ್ಲಿಂದ ಅವು ರಕ್ತಕ್ಕೆ ಇಳಿಯುತ್ತವೆ. ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆ ಅಂದ ಮಾತ್ರಕ್ಕೆ ಪರಿಸ್ಥಿತಿ ಕೈಮೀರಿದೆ ಅಂತಲ್ಲ. ಎಷ್ಟೋ ಸಲ ದೇಹ ಸದ್ದಿಲ್ಲದೆ ಅವನ್ನು ಮುಗಿಸುತ್ತದೆ.

ಸೆಪ್ಸಿಸ್ ಅನ್ನುವುದು ಬೇರೆ. ಸೋಂಕಿನ ವಿರುದ್ಧ ದೇಹ ಹೂಡುವ ಹೋರಾಟವೇ ಹಿಡಿತ ತಪ್ಪಿ, ದೇಹದ ಸ್ವಂತ ಅಂಗಗಳನ್ನು ಕೆಡಿಸಲು ಶುರುಮಾಡಿದರೆ ಅದು ಸೆಪ್ಸಿಸ್. 2016ರಲ್ಲಿ ತಜ್ಞರು ಒಪ್ಪಿಕೊಂಡ ವ್ಯಾಖ್ಯೆಯ ತಿರುಳು ಇದೇ. ಕಿಡ್ನಿ ಸೋಲುತ್ತದೆ, ಉಸಿರು ಏರುತ್ತದೆ, ಮಂಕು ಕವಿಯುತ್ತದೆ, ಬಿಪಿ ಇಳಿಯುತ್ತದೆ. ಸಲೈನ್ ಕೊಟ್ಟರೂ ಬಿಪಿ ನಿಲ್ಲದೆ ಔಷಧಿಯಿಂದಲೇ ಎತ್ತಿ ಹಿಡಿಯಬೇಕಾಗಿ, ಜೊತೆಗೆ ರಕ್ತದಲ್ಲಿ ಲ್ಯಾಕ್ಟೇಟ್ (ಅಂಗಗಳು ಸಂಕಟದಲ್ಲಿದ್ದಾಗ ಏರುವ ಒಂದು ವಸ್ತು) ಲೀಟರಿಗೆ 2 ಮಿಲಿಮೋಲ್‌ಗಿಂತ ಮೇಲೆ ಇದ್ದರೆ ಅದನ್ನು ಸೆಪ್ಟಿಕ್ ಶಾಕ್ ಅನ್ನುತ್ತಾರೆ. ಈ ಹಂತ ತಲುಪಿದವರಲ್ಲಿ ಆಸ್ಪತ್ರೆಯಲ್ಲೇ ತೀರಿಕೊಳ್ಳುವವರು ನೂರಕ್ಕೆ 40ಕ್ಕಿಂತ ಜಾಸ್ತಿ ಅಂತ ಅದೇ ವ್ಯಾಖ್ಯೆ ಮಾಡಿದವರು ಲೆಕ್ಕ ಕೊಟ್ಟಿದ್ದರು. 2017 ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 4.9 ಕೋಟಿ ಜನರಿಗೆ ಸೆಪ್ಸಿಸ್ ಆಗಿ, 1.1 ಕೋಟಿ ಜನ ಸತ್ತರು ಅಂತ ಅಂದಾಜಿದೆ. ಅದಕ್ಕೇ ಹೊಸ ಯಂತ್ರ ಏನಾದರೂ ಬಂತು ಅಂದರೆ ಎಲ್ಲರೂ ಆಸೆಯಿಂದ ಅದರ ಕಡೆ ನೋಡುತ್ತಾರೆ.

ರಕ್ತವನ್ನೇ ಸೋಸಿ ಬ್ಯಾಕ್ಟೀರಿಯಾ ತೆಗೆದುಬಿಟ್ಟರೆ ಮುಗೀತಲ್ವಾ?

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಕೇಳಲು ಸರಿಯಾಗಿಯೇ ಇದೆ. ಆದರೆ ಮೈಯೊಳಗಿನ ಲೆಕ್ಕ ಹಾಗಿಲ್ಲ.

ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ತೀವ್ರ ಸೋಂಕಿನಲ್ಲೂ ಒಂದು ಮಿಲಿಲೀಟರ್ ರಕ್ತದಲ್ಲಿ ಸಿಗುವ ಜೀವಂತ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಬೆರಳೆಣಿಕೆಯಷ್ಟು. ಎಷ್ಟೋ ಸಲ ಒಂದಕ್ಕಿಂತಲೂ ಕಡಿಮೆ. ಬ್ಲಡ್ ಕಲ್ಚರ್‌ಗೆ (ರಕ್ತದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವ ಪರೀಕ್ಷೆಗೆ) ಅಷ್ಟೊಂದು ರಕ್ತ ತೆಗೆಯುವುದು ಯಾಕೆ ಅಂತ ನೀವು ಕೇಳಿರಬಹುದು. ಕಾರಣ ಇದೇ: ಸ್ವಲ್ಪ ತೆಗೆದರೆ ಅದರಲ್ಲಿ ಒಂದೂ ಸಿಗದೆ ಹೋಗಬಹುದು.

ಅಂದರೆ ಬ್ಯಾಕ್ಟೀರಿಯಾದ ದೊಡ್ಡ ಗುಂಪು ರಕ್ತದಲ್ಲಿಲ್ಲ. ಅದು ಕೀವಿನ ಗಡ್ಡೆಯಲ್ಲಿದೆ, ತೂತಾದ ಕರುಳಿನ ಹೊರಗಿದೆ, ಕಟ್ಟಿಕೊಂಡ ಮೂತ್ರನಾಳದ ಹಿಂದಿದೆ. ಅಲ್ಲಿಂದ ಒಂದಿಷ್ಟು ರಕ್ತಕ್ಕೆ ಬೀಳುತ್ತಲೇ ಇರುತ್ತದೆ. ಸೋರುವ ಮಾಡಿನ ಕೆಳಗೆ ಪಾತ್ರೆ ಇಟ್ಟು ತುಂಬಿದಾಗಲೆಲ್ಲ ಚೆಲ್ಲುತ್ತಾ ಕೂರಬಹುದು. ಮೇಲೆ ಹತ್ತಿ ಒಡೆದ ಹೆಂಚು ಬದಲಿಸುವವರೆಗೆ ಸೋರುವುದು ನಿಲ್ಲುವುದಿಲ್ಲ, ಅಲ್ವಾ? ಇನ್ನೊಂದು ವಿಷಯವೂ ಇದೆ. ನಮ್ಮ ಪಿತ್ತಜನಕಾಂಗ ಮತ್ತು ಗುಲ್ಮ ಹುಟ್ಟಿನಿಂದಲೂ ಇದೇ ಸೋಸುವ ಕೆಲಸ ಮಾಡುತ್ತಿವೆ. ರಕ್ತಕ್ಕೆ ಬಿದ್ದ ಬ್ಯಾಕ್ಟೀರಿಯಾವನ್ನು ಹಿಡಿದು ನುಂಗುವ ಜೀವಕೋಶಗಳು ಅಲ್ಲಿ ಸಾಲಾಗಿ ಕೂತಿರುತ್ತವೆ.

ಹಾಗಾದರೆ ಈ ಯಂತ್ರಗಳು ತೆಗೆಯುವುದು ಏನನ್ನು?

"ರಕ್ತ ಶುದ್ಧಿ" ಅನ್ನುವ ಒಂದೇ ಹೆಸರಿನಲ್ಲಿ ನಾಲ್ಕು ಬೇರೆ ಬೇರೆ ಕೆಲಸ ನಡೆಯುತ್ತದೆ. ಗೊಂದಲ ಹುಟ್ಟುವುದೇ ಇಲ್ಲಿ.

ಕಿಡ್ನಿ ಸೋತಾಗ ಉಳಿದುಬಿಡುವ ಕಸ, ಅಂದರೆ ಯೂರಿಯಾ, ಜಾಸ್ತಿಯಾದ ಪೊಟ್ಯಾಸಿಯಂ, ಆಮ್ಲ ಮತ್ತು ನೀರನ್ನು ತೆಗೆಯುವುದು ಒಂದು. ಇದೇ ಡಯಾಲಿಸಿಸ್. ಕೆಲವು ಜಾತಿಯ ಬ್ಯಾಕ್ಟೀರಿಯಾದ ಹೊರಕವಚದಿಂದ ಕಳಚಿ ಬರುವ ಎಂಡೋಟಾಕ್ಸಿನ್ ಅನ್ನುವ ವಿಷವನ್ನು ಹಿಡಿಯುವುದು ಎರಡನೆಯದು. ದೇಹವೇ ಸುರಿಸುವ ಸೈಟೊಕೈನ್‌ಗಳನ್ನು, ಅಂದರೆ ಉರಿಯೂತದ ಸಂದೇಶ ಹೊತ್ತ ಪ್ರೋಟೀನ್‌ಗಳನ್ನು, ಕಡಿಮೆ ಮಾಡಲು ನೋಡುವುದು ಮೂರನೆಯದು. ಬ್ಯಾಕ್ಟೀರಿಯಾವನ್ನೇ ಹಿಡಿಯಲು ನೋಡುವ ಫಿಲ್ಟರ್ ನಾಲ್ಕನೆಯದು.

ಗಾತ್ರದ ವ್ಯತ್ಯಾಸ ನೋಡಿ. ಯೂರಿಯಾದ ಅಣುತೂಕ 60. ಇಂಟರ್‌ಲ್ಯೂಕಿನ್-6 ಅನ್ನುವ ಸೈಟೊಕೈನ್‌ದು 20 ಸಾವಿರಕ್ಕಿಂತ ಜಾಸ್ತಿ. ರಕ್ತದ ಮುಖ್ಯ ಪ್ರೋಟೀನ್ ಆಲ್ಬುಮಿನ್‌ದು ಸುಮಾರು 66 ಸಾವಿರ. ಯೂರಿಯಾ ಸಲೀಸಾಗಿ ದಾಟುವ ತೂತಿನಲ್ಲಿ ಸೈಟೊಕೈನ್ ಸಿಕ್ಕಿಕೊಳ್ಳುತ್ತದೆ. ತೂತು ದೊಡ್ಡದು ಮಾಡಿದರೆ ಉಳಿಯಬೇಕಾದ ಆಲ್ಬುಮಿನ್ ಕೂಡ ಹೊರಗೆ ಹೋಗುತ್ತದೆ. ಅದಕ್ಕೆ ತೂತಿನ ಬದಲು ಅಂಟಿಸಿಕೊಳ್ಳುವ ಡಬ್ಬಿಗಳು, ಅಂದರೆ ಕಾರ್ಟ್ರಿಡ್ಜ್‌ಗಳು ಬಂದವು.

"ಡಯಾಲಿಸಿಸ್ ಮಾಡ್ತೀವಿ" ಅಂದರು. ಅದು ನಂಜು ತೆಗೆಯಲಿಕ್ಕಾ?

ಅಲ್ಲ. ಅದು ಕಿಡ್ನಿಯ ಕೆಲಸಕ್ಕೆ. ಇದೊಂದನ್ನು ಬಿಡಿಸಿ ತಿಳಿದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಸೆಪ್ಸಿಸ್‌ನಲ್ಲಿ ಕಿಡ್ನಿ ನಿಂತುಹೋಗುವುದು ತುಂಬಾ ಸಾಮಾನ್ಯ. ಪೊಟ್ಯಾಸಿಯಂ ವಿಪರೀತ ಏರಿದರೆ ಹೃದಯವೇ ನಿಲ್ಲಬಹುದು. ಆಮ್ಲ ಏರಿದರೆ ಬಿಪಿ ಔಷಧಿಯೂ ಸರಿಯಾಗಿ ನಾಟುವುದಿಲ್ಲ. ನೀರು ತುಂಬಿಕೊಂಡರೆ ಉಸಿರಾಟ ಕಷ್ಟ. ಇಂಥ ಹೊತ್ತಿನಲ್ಲಿ ಡಯಾಲಿಸಿಸ್ ಜೀವ ಕಾಯುತ್ತದೆ. ಇದರಲ್ಲಿ ಅನುಮಾನವೇ ಇಲ್ಲ, ಹಿಂದೆಮುಂದೆ ನೋಡಬೇಡಿ.

ಬಿಪಿ ಕುಸಿದವರಿಗೆ ನಾಲ್ಕು ಗಂಟೆಯಲ್ಲಿ ಮುಗಿಸುವ ಮಾಮೂಲಿ ಡಯಾಲಿಸಿಸ್ ತಡೆದುಕೊಳ್ಳುವುದು ಕಷ್ಟವಾಗಬಹುದು. ಅದಕ್ಕೆ ಸಿಆರ್‌ಆರ್‌ಟಿ ಅನ್ನುವ ನಿಧಾನದ ವಿಧಾನ ಇದೆ. ಹಗಲು ರಾತ್ರಿ ಬಿಡದೆ ನಡೆಯುತ್ತದೆ. ಒಂದು ಕಾಲದಲ್ಲಿ "ಜಾಸ್ತಿ ಸೋಸಿದರೆ ಸೈಟೊಕೈನ್ ಕೂಡ ಹೋಗಬಹುದು" ಅಂತ ಇದರ ವೇಗ ಎರಡರಷ್ಟು ಮಾಡಿ ನೋಡಿದರು. 2013ರಲ್ಲಿ ಪ್ರಕಟವಾದ ಐವ್ವಾರ್ ಅನ್ನುವ ಅಧ್ಯಯನದಲ್ಲಿ 140 ರೋಗಿಗಳಿದ್ದರು. ಒಂದು ಗುಂಪಿಗೆ ಗಂಟೆಗೆ, ಮೈತೂಕದ ಪ್ರತಿ ಕೆಜಿಗೆ 35 ಮಿಲಿಯಂತೆ ಸೋಸಿದರು, ಇನ್ನೊಂದಕ್ಕೆ 70 ಮಿಲಿ. ಬದುಕುಳಿದವರ ಸಂಖ್ಯೆಯಲ್ಲಿ ಲಾಭ ಕಾಣಲಿಲ್ಲ. ಈಗ ಸಾಮಾನ್ಯವಾಗಿ ಗುರಿ ಇಡುವುದು ಗಂಟೆಗೆ ಕೆಜಿಗೆ 20ರಿಂದ 25 ಮಿಲಿ ಮಾತ್ರ.

ಬೇಗ ಡಯಾಲಿಸಿಸ್ ಶುರುಮಾಡಿದರೆ ಒಳ್ಳೆಯದಲ್ವಾ? ಯಾಕೆ ಕಾಯುತ್ತಿದ್ದಾರೆ?

ಕಾಯುತ್ತಿದ್ದಾರೆ ಅಂದರೆ ಕೈಚೆಲ್ಲಿದ್ದಾರೆ ಅಂತಲ್ಲ. ಇದನ್ನು ಚೆನ್ನಾಗಿ ಪರೀಕ್ಷಿಸಿ ನೋಡಿದ್ದಾರೆ. ಸೆಪ್ಟಿಕ್ ಶಾಕ್ ಆದ 488 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 90 ದಿನದ ಹೊತ್ತಿಗೆ ಬೇಗ ಶುರುಮಾಡಿದ ಗುಂಪಿನಲ್ಲಿ ನೂರಕ್ಕೆ 58, ಕಾದು ನೋಡಿದ ಗುಂಪಿನಲ್ಲಿ ನೂರಕ್ಕೆ 54 ಜನ ತೀರಿಕೊಂಡಿದ್ದರು. ಆ ವ್ಯತ್ಯಾಸ ಲೆಕ್ಕಕ್ಕೆ ಬರುವಷ್ಟಿಲ್ಲ. ಆದರೆ ಕಾದ ಗುಂಪಿನಲ್ಲಿ ನೂರಕ್ಕೆ 38 ಜನರಿಗೆ ಡಯಾಲಿಸಿಸ್ ಮಾಡುವ ಪ್ರಸಂಗವೇ ಬರಲಿಲ್ಲ. ಅವರಲ್ಲಿ ಬಹಳ ಜನರ ಕಿಡ್ನಿ ತಾನಾಗಿ ಚೇತರಿಸಿಕೊಂಡಿತ್ತು.

2020ರಲ್ಲಿ ಬಂದ ಸ್ಟಾರ್ಟ್-ಎಕೆಐ ಅಧ್ಯಯನ ಇನ್ನೂ ದೊಡ್ಡದು, ಸುಮಾರು 3 ಸಾವಿರ ಜನರದ್ದು. ಅಲ್ಲೂ ಸಾವಿನ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಬದುಕಿದವರ ಪೈಕಿ 90 ದಿನದ ನಂತರವೂ ಡಯಾಲಿಸಿಸ್ ಬಿಡಲಾಗದವರು ಬೇಗ ಶುರುಮಾಡಿದ ಗುಂಪಿನಲ್ಲೇ ಜಾಸ್ತಿ: ನೂರಕ್ಕೆ 10.4, ಇನ್ನೊಂದರಲ್ಲಿ 6. ಹಾಗಾಗಿ ಪೊಟ್ಯಾಸಿಯಂ, ಆಮ್ಲ, ನೀರು ಇವು ಅಪಾಯದ ಮಟ್ಟಕ್ಕೆ ಬಾರದೆ ಇದ್ದರೆ ಕಾಯುವುದು ಒಳ್ಳೆಯ ವೈದ್ಯವೇ.

ಪಾಲಿಮಿಕ್ಸಿನ್ ಕಾರ್ಟ್ರಿಡ್ಜ್ ಅಂದರೆ ಏನು? ಅದು ಎಂಡೋಟಾಕ್ಸಿನ್ ಎಳೆದುಹಾಕುತ್ತದಂತೆ?

ಈ ಕಥೆಯನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು. ರಕ್ತ ಸೋಸುವ ಚಿಕಿತ್ಸೆಗಳ ಆಸೆ, ನಿರಾಸೆ ಎರಡೂ ಇದೊಂದರಲ್ಲೇ ಇವೆ.

ಪಾಲಿಮಿಕ್ಸಿನ್ ಬಿ ಒಂದು ಹಳೆಯ ಆಂಟಿಬಯೋಟಿಕ್. ಎಂಡೋಟಾಕ್ಸಿನ್‌ಗೆ ಗಟ್ಟಿಯಾಗಿ ಅಂಟಿಕೊಳ್ಳುವುದು ಅದರ ಗುಣ. ರಕ್ತಕ್ಕೆ ಚುಚ್ಚಿದರೆ ಕಿಡ್ನಿಗೆ, ನರಗಳಿಗೆ ತೊಂದರೆ ಕೊಡಬಲ್ಲದು. ಅದನ್ನು ಸಣ್ಣ ನೂಲಿನ ಎಳೆಗಳಿಗೆ ಬಿಗಿದು, ಕಾರ್ಟ್ರಿಡ್ಜ್‌ನಲ್ಲಿ ತುಂಬಿ, ಅದರ ಮೂಲಕ ರಕ್ತ ಹರಿಸಿದರೆ? ಎಂಡೋಟಾಕ್ಸಿನ್ ಎಳೆಗೆ ಅಂಟುತ್ತದೆ, ಔಷಧಿ ಮೈಗೆ ಇಳಿಯುವುದಿಲ್ಲ. ಯೋಚನೆ ನಿಜಕ್ಕೂ ಚಂದ. ಜಪಾನಿನ ಟೋರೆ ಕಂಪನಿ ಇದನ್ನು ಟೋರೆಮಿಕ್ಸಿನ್ ಅನ್ನುವ ಹೆಸರಿನಲ್ಲಿ ಮಾಡಿತು. ಅಲ್ಲಿ 1994ರಿಂದ ಬಳಕೆಯಲ್ಲಿದೆ. ಸಾಮಾನ್ಯವಾಗಿ ಎರಡು ಸಲ, ಒಂದೊಂದು ಸಲಕ್ಕೆ ಎರಡು ಗಂಟೆ.

2009ರಲ್ಲಿ ಇಟಲಿಯಿಂದ ಯೂಫಸ್ ಅನ್ನುವ ಅಧ್ಯಯನ ಬಂತು. ಹೊಟ್ಟೆಯ ಸೋಂಕಿಗೆ ಆಪರೇಷನ್ ಆದ 64 ರೋಗಿಗಳು. 28 ದಿನದಲ್ಲಿ ಸತ್ತವರು ಕಾರ್ಟ್ರಿಡ್ಜ್ ಹಾಕಿದವರಲ್ಲಿ ನೂರಕ್ಕೆ 32, ಹಾಕದವರಲ್ಲಿ 53. ಎಲ್ಲರಿಗೂ ಸಂತೋಷವಾಯಿತು. ಆದರೆ 64 ಜನ ಅಂದರೆ ಬಹಳ ಕಡಿಮೆ, ಅಧ್ಯಯನವನ್ನು ಅರ್ಧದಲ್ಲೇ ನಿಲ್ಲಿಸಿದ್ದರು ಬೇರೆ.

2015ರಲ್ಲಿ ಫ್ರಾನ್ಸಿನಲ್ಲಿ ಅಂಥದೇ ರೋಗಿಗಳು 232 ಜನರ ಮೇಲೆ ನೋಡಿದರು. ಈ ಸಲ ಕಾರ್ಟ್ರಿಡ್ಜ್ ಹಾಕಿದವರಲ್ಲಿ ನೂರಕ್ಕೆ 27.7, ಹಾಕದವರಲ್ಲಿ 19.5 ಸಾವು. ಲಾಭ ಮಾಯ. ಟೀಕೆ ಮಾಡಿದವರು ಹೇಳಿದ್ದು, "ಎಂಡೋಟಾಕ್ಸಿನ್ ಇದೆಯೋ ಇಲ್ಲವೋ ನೋಡದೆ ಎಲ್ಲರಿಗೂ ಹಾಕಿದರೆ ಹೀಗೇ ಆಗುವುದು." ನ್ಯಾಯವಾದ ಮಾತು. ಹಾಗಾಗಿ ಅಮೆರಿಕ ಮತ್ತು ಕೆನಡಾದಲ್ಲಿ ಯೂಫ್ರೇಟಿಸ್ ಅನ್ನುವ ಅಧ್ಯಯನಕ್ಕೆ ರಕ್ತದಲ್ಲಿ ಎಂಡೋಟಾಕ್ಸಿನ್ ಚಟುವಟಿಕೆ ಜಾಸ್ತಿ ಇದ್ದ 450 ಜನರನ್ನೇ ಆರಿಸಿದರು. 2018ರಲ್ಲಿ ಫಲಿತಾಂಶ ಬಂತು. 28 ದಿನದಲ್ಲಿ ಸತ್ತವರು ಕಾರ್ಟ್ರಿಡ್ಜ್ ಹಾಕಿದವರಲ್ಲಿ ನೂರಕ್ಕೆ 37.7, ಹಾಕದವರಲ್ಲಿ 34.5. ಮತ್ತೆ ಲಾಭ ಕಾಣಲಿಲ್ಲ.

2021ರ ಅಂತರರಾಷ್ಟ್ರೀಯ ಸೆಪ್ಸಿಸ್ ಮಾರ್ಗಸೂಚಿ ಇದನ್ನೆಲ್ಲ ನೋಡಿ, ಪಾಲಿಮಿಕ್ಸಿನ್ ಕಾರ್ಟ್ರಿಡ್ಜ್ ಬಳಸದಿರುವುದೇ ಒಳಿತು ಅಂತ ಹೇಳಿತು. ಅದು ದುರ್ಬಲ ಶಿಫಾರಸು, ಅಂದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಎಂಡೋಟಾಕ್ಸಿನ್ ಒಂದು ಮಿತಿಯೊಳಗೆ ಇರುವ ಆಯ್ದ ರೋಗಿಗಳಿಗೆ ಸಹಾಯವಾಗಬಹುದು ಅಂತ ಸಂಶೋಧನೆ ಮುಂದುವರಿಯಿತು. ಒಂದು ಮಾತು ನೆನಪಿರಲಿ: ಎಂಡೋಟಾಕ್ಸಿನ್ ಇರುವುದು ಗ್ರಾಮ್ ನೆಗೆಟಿವ್ ಅನ್ನುವ ಗುಂಪಿನ ಬ್ಯಾಕ್ಟೀರಿಯಾದಲ್ಲಿ ಮಾತ್ರ. ನಿಮ್ಮವರ ಕಲ್ಚರ್‌ನಲ್ಲಿ ಸ್ಟ್ಯಾಫಿಲೋಕಾಕಸ್ ಬಂದಿದ್ದರೆ ಅದರ ಬಳಿ ಎಂಡೋಟಾಕ್ಸಿನ್ ಇಲ್ಲ. ಆಗ ಈ ಕಾರ್ಟ್ರಿಡ್ಜ್ ಯಾಕೆ ಅಂತ ಕೇಳುವ ಹಕ್ಕು ನಿಮಗಿದೆ.

ಸೈಟೊಸಾರ್ಬ್ ಬಗ್ಗೆ ಹೇಳಿದರು. ಅದು ಸೈಟೊಕೈನ್ ಬಿರುಗಾಳಿಯನ್ನು ತಣಿಸುತ್ತದಂತೆ?

ಅದು ಪ್ಲಾಸ್ಟಿಕ್ ಜಾತಿಯ ಸಣ್ಣ ಮಣಿಗಳು ತುಂಬಿದ ಡಬ್ಬಿ. ಮಣಿಗಳ ಮೈತುಂಬ ಕಣ್ಣಿಗೆ ಕಾಣದ ರಂಧ್ರ. ರಕ್ತ ಹಾದುಹೋಗುವಾಗ ಮಧ್ಯಮ ಗಾತ್ರದ ಅಣುಗಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಯೂರೋಪಿನಲ್ಲಿ 2011ರಲ್ಲಿ ಅನುಮತಿ ಸಿಕ್ಕಿತು. ಆದರೆ ಆಗ ಅಲ್ಲಿ ಉಪಕರಣಕ್ಕೆ ಅನುಮತಿ ಸಿಗಲು ಜೀವ ಉಳಿಸುತ್ತದೆ ಅಂತ ತೋರಿಸಬೇಕಾಗಿರಲಿಲ್ಲ. ಸುರಕ್ಷಿತವಾಗಿ ಹೇಳಿದ ಕೆಲಸ ಮಾಡುತ್ತದೆ ಅಂತ ತೋರಿಸಿದರೆ ಸಾಕಿತ್ತು. "ಅನುಮತಿ ಇದೆ" ಮತ್ತು "ಪ್ರಯೋಜನ ಸಾಬೀತಾಗಿದೆ" ಎರಡೂ ಒಂದೇ ಅಲ್ಲ.

2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವೆಂಟಿಲೇಟರ್‌ನಲ್ಲಿದ್ದ ಸುಮಾರು 100 ಸೆಪ್ಸಿಸ್ ರೋಗಿಗಳಿಗೆ ದಿನಕ್ಕೆ 6 ಗಂಟೆಯಂತೆ ಒಂದು ವಾರದವರೆಗೆ ಇದನ್ನು ಹಾಕಿ ನೋಡಿದರು. ಡಬ್ಬಿ ಇಂಟರ್‌ಲ್ಯೂಕಿನ್-6 ಅನ್ನು ಹಿಡಿದಿತ್ತು, ನಿಜ. ಆದರೆ ರೋಗಿಯ ರಕ್ತದಲ್ಲಿ ಅದರ ಮಟ್ಟ ಹಾಕದವರಿಗಿಂತ ಕಡಿಮೆಯಾಗಿರಲಿಲ್ಲ. ತೆಗೆದಷ್ಟೂ ದೇಹ ಮತ್ತೆ ಸುರಿಸುತ್ತಿತ್ತು ಅಂತ ಕಾಣುತ್ತದೆ.

ಇನ್ನೊಂದು ಅಧ್ಯಯನವಂತೂ ಎಚ್ಚರಿಕೆಯ ಗಂಟೆ. ಜರ್ಮನಿಯಲ್ಲಿ ಕೋವಿಡ್‌ನಿಂದ ಎಕ್ಮೋಗೆ, ಅಂದರೆ ರಕ್ತಕ್ಕೆ ಮೈಹೊರಗೆ ಆಮ್ಲಜನಕ ಬೆರೆಸುವ ಯಂತ್ರಕ್ಕೆ, ಹೋದ 34 ಜನರಲ್ಲಿ ಅರ್ಧ ಜನರಿಗೆ ಮೂರು ದಿನ ಸೈಟೊಸಾರ್ಬ್ ಹಾಕಿದರು. 30 ದಿನಕ್ಕೆ ಬದುಕಿದ್ದವರು ಹಾಕಿದ 17 ಜನರಲ್ಲಿ 3, ಹಾಕದ 17 ಜನರಲ್ಲಿ 13. ಅದು ವೈರಸ್ಸಿನ ಕಾಯಿಲೆ, ಸಂಖ್ಯೆಯೂ ಸಣ್ಣದು. ಬ್ಯಾಕ್ಟೀರಿಯಾ ಸೆಪ್ಸಿಸ್‌ಗೆ ಹಾಗೇ ಅನ್ವಯಿಸುವುದು ತಪ್ಪು. ಆದರೆ "ಹಾಕಿದರೆ ನಷ್ಟವೇನಿದೆ" ಅನ್ನುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು.

ಸೈಟೊಕೈನ್ ಕೆಟ್ಟದ್ದು ತಾನೇ? ತೆಗೆದರೆ ಒಳ್ಳೆಯದಾಗಬೇಕಿತ್ತಲ್ಲ?

ಸೈಟೊಕೈನ್ ಕೆಟ್ಟದ್ದಲ್ಲ, ಅದು ಸಂದೇಶ. ಕೆಲವು ಸೈಟೊಕೈನ್‌ಗಳು ಉರಿಯೂತ ಹೆಚ್ಚಿಸುತ್ತವೆ, ಇಂಟರ್‌ಲ್ಯೂಕಿನ್-10 ಥರದವು ತಣಿಸುತ್ತವೆ. ಡಬ್ಬಿಗೆ ಈ ಭೇದ ಗೊತ್ತಿಲ್ಲ. ಗಾತ್ರಕ್ಕೆ, ಅಂಟುವ ಗುಣಕ್ಕೆ ಸರಿಹೊಂದಿದ್ದನ್ನೆಲ್ಲ ಬಾಚಿಕೊಳ್ಳುತ್ತದೆ. ಅಲ್ಲದೆ ನಿಜವಾದ ಗದ್ದಲ ನಡೆಯುವುದು ಅಂಗಾಂಶಗಳ ಒಳಗೆ. ರಕ್ತದಲ್ಲಿ ಕಾಣುವುದು ಅದರ ಹೊರಚೆಲ್ಲು ಮಾತ್ರ. ಇನ್ನು ಸೆಪ್ಸಿಸ್ ಶುರುವಾಗಿ ಕೆಲವು ದಿನ ಕಳೆದವರಲ್ಲಿ ರೋಗನಿರೋಧಕ ಶಕ್ತಿಯೇ ದಣಿದು ಕೂತಿರುವುದುಂಟು. ಆಗ ಉಳಿದಿರುವ ಸಂದೇಶವನ್ನೂ ತೆಗೆದರೆ ಒಳ್ಳೆಯದಾಗುವುದು ಹೇಗೆ?

ಬ್ಯಾಕ್ಟೀರಿಯಾ ಹಿಡಿಯುವ ಫಿಲ್ಟರ್ ಕೂಡ ಇದೆಯಂತಲ್ಲ? ಆಕ್ಸಿರಿಸ್ ಅಂದರೇನು?

ಸೆರಾಫ್ 100 ಅನ್ನುವ ಫಿಲ್ಟರ್‌ನಲ್ಲಿ ಹೆಪಾರಿನ್ ಲೇಪಿಸಿದ ಮಣಿಗಳಿವೆ. ನಮ್ಮ ಜೀವಕೋಶಗಳ ಮೇಲಿರುವ ಸಕ್ಕರೆಯ ಸರಪಳಿಗೆ ಹಲವು ಸೂಕ್ಷ್ಮಜೀವಿಗಳು ಅಂಟುತ್ತವೆ. ಹೆಪಾರಿನ್ ಅದನ್ನೇ ಹೋಲುವುದರಿಂದ ಇಲ್ಲೂ ಬಂದು ಅಂಟುತ್ತವೆ. ಆಕ್ಸಿರಿಸ್ ಅನ್ನುವುದು ಸಿಆರ್‌ಆರ್‌ಟಿ ಫಿಲ್ಟರ್. ಕಿಡ್ನಿ ಕೆಲಸದ ಜೊತೆಗೆ ಎಂಡೋಟಾಕ್ಸಿನ್, ಸೈಟೊಕೈನ್ ಎರಡನ್ನೂ ಒಂದಷ್ಟು ಹಿಡಿಯುತ್ತದೆ. ಪಾಲಿಮಿಕ್ಸಿನ್ ಬಿಟ್ಟು ಉಳಿದ ವಿಧಾನಗಳ ಬಗ್ಗೆ 2021ರ ಮಾರ್ಗಸೂಚಿ ಹೇಳಿದ್ದು ಒಂದೇ ಮಾತು: ಪರ ವಿರೋಧ ಯಾವುದೂ ಹೇಳುವಷ್ಟು ಪುರಾವೆ ಇಲ್ಲ. ಡಯಾಲಿಸಿಸ್ ಹೇಗೂ ಬೇಕಿದ್ದವರಿಗೆ ಇಂಥ ಫಿಲ್ಟರ್ ಹಾಕಿದರೆ ಹೊಸದಾಗಿ ನಳಿಕೆ ಚುಚ್ಚುವ ಅಪಾಯವಾದರೂ ಇರುವುದಿಲ್ಲ.

ಪ್ಲಾಸ್ಮಾ ಬದಲಾಯಿಸುವುದು?

ರಕ್ತದ ನೀರಿನ ಭಾಗವಾದ ಪ್ಲಾಸ್ಮಾವನ್ನು ಬೇರ್ಪಡಿಸಿ ತೆಗೆದು, ದಾನಿಗಳ ಪ್ಲಾಸ್ಮಾ ತುಂಬುತ್ತಾರೆ. ಉಳಿದ ವಿಧಾನಗಳೆಲ್ಲ ತೆಗೆಯುತ್ತವೆ ಮಾತ್ರ. ಇದು ತೆಗೆದ ಜಾಗಕ್ಕೆ ಒಳ್ಳೆಯದನ್ನು ಕೊಡುತ್ತದೆ ಕೂಡ. ಸೆಪ್ಸಿಸ್‌ನಲ್ಲಿ ಖರ್ಚಾಗಿಹೋಗುವ, ರಕ್ತ ಹೆಪ್ಪುಗಟ್ಟುವುದನ್ನು ಹತೋಟಿಯಲ್ಲಿಡುವ ಪ್ರೋಟೀನ್‌ಗಳು ಅದರಲ್ಲಿ ವಾಪಸ್ ಸಿಗುತ್ತವೆ. ನನಗೆ ಈ ತರ್ಕ ಉಳಿದವುಗಳಿಗಿಂತ ಗಟ್ಟಿ ಅನಿಸುತ್ತದೆ. 2002ರಲ್ಲಿ ಪ್ರಕಟವಾದ 106 ಜನರ ಅಧ್ಯಯನದಲ್ಲಿ ಸಾವು ನೂರಕ್ಕೆ 53.8 ಇದ್ದದ್ದು ಪ್ಲಾಸ್ಮಾ ಬದಲಿಸಿದವರಲ್ಲಿ 33.3 ಆಗಿತ್ತು. ಆದರೆ ಯೂಫಸ್ ಕಥೆ ಈಗಷ್ಟೇ ಓದಿದ್ದೀರಿ. ಸಣ್ಣ ಅಧ್ಯಯನದ ಸಿಹಿ ಸುದ್ದಿ ದೊಡ್ಡ ಅಧ್ಯಯನದಲ್ಲಿ ಉಳಿಯುತ್ತದಾ ಅಂತ ನೋಡಿದ ಮೇಲೆಯೇ ನಂಬಬೇಕು.

ಟಿಟಿಪಿ ಅನ್ನುವ ಬೇರೊಂದು ರಕ್ತದ ಕಾಯಿಲೆಗೆ ಪ್ಲಾಸ್ಮಾ ಬದಲಾವಣೆಯೇ ಮುಖ್ಯ ಚಿಕಿತ್ಸೆ, ಅದರಲ್ಲಿ ಸಂಶಯವಿಲ್ಲ. ಅದಕ್ಕೂ ಸೆಪ್ಸಿಸ್‌ಗೂ ಗಂಟುಹಾಕಬಾರದು.

ಯಂತ್ರ ಹಾಕಿದ ಮೇಲೆ ಬಿಪಿ ಔಷಧಿ ಕಡಿಮೆ ಮಾಡಿದರು. ಕೆಲಸ ಮಾಡಿತು ಅಂತ ತಾನೇ?

ಮಾಡಿರಬಹುದು. ಆದರೆ ಅದೇ ಹೊತ್ತಿನಲ್ಲಿ ಆಂಟಿಬಯೋಟಿಕ್ ನಾಟಿರಬಹುದು, ಹಿಂದಿನ ದಿನ ತೆಗೆದ ಕೀವಿನ ಫಲ ಈಗ ಕಾಣುತ್ತಿರಬಹುದು. ರಕ್ತ ಹೊರಗೆ ಸುತ್ತಿ ಬರುವಾಗ ಮೈ ತಣ್ಣಗಾಗುತ್ತದೆ, ಅದರಿಂದಲೂ ರಕ್ತನಾಳ ಬಿಗಿದು ಬಿಪಿ ಏರುವುದುಂಟು. ಒಬ್ಬ ರೋಗಿಯನ್ನು ನೋಡಿ ಯಾವುದರಿಂದ ಏನಾಯಿತು ಅಂತ ಬಿಡಿಸಲು ಅನುಭವಿ ವೈದ್ಯರಿಗೂ ಆಗುವುದಿಲ್ಲ. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಹೋಲಿಸುವುದು ಅದಕ್ಕೇ. ನಿಮ್ಮವರು ಚೇತರಿಸಿಕೊಳ್ಳುತ್ತಿದ್ದರೆ ಮನಸಾರೆ ಸಂತೋಷಪಡಿ. ಪಕ್ಕದ ಬೆಡ್ಡಿನವರ ಮನೆಯವರಿಗೆ "ನೀವೂ ಹಾಕಿಸಿ, ನಮಗೆ ಅದರಿಂದಲೇ ಆಯಿತು" ಅಂತ ಮಾತ್ರ ಹೇಳಬೇಡಿ.

ಅಪಾಯ ಏನಿದೆ? ಸುಮ್ನೆ ಒಂದು ಸಲ ಹಾಕಿ ನೋಡಬಾರದಾ?

ಕುತ್ತಿಗೆ ಅಥವಾ ತೊಡೆಸಂದಿನ ದೊಡ್ಡ ರಕ್ತನಾಳಕ್ಕೆ ದಪ್ಪ ನಳಿಕೆ ಹಾಕಬೇಕು. ಅಲ್ಲಿ ರಕ್ತಸ್ರಾವ ಆಗಬಹುದು, ಹೊಸ ಸೋಂಕು ಕೂಡ ಹುಟ್ಟಬಹುದು. ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಿರಲು ಔಷಧಿ ಕೊಡುತ್ತಾರೆ. ಸೆಪ್ಸಿಸ್‌ನಲ್ಲಿ ಮೊದಲೇ ಪ್ಲೇಟ್‌ಲೆಟ್ ಇಳಿದಿರುತ್ತದೆ, ಕಾರ್ಟ್ರಿಡ್ಜ್ ಇನ್ನಷ್ಟು ಇಳಿಸಬಲ್ಲದು. ಶುರುಮಾಡುವಾಗ ಬಿಪಿ ಕುಸಿಯಬಹುದು. ಮಕ್ಕಳಲ್ಲಂತೂ ಹೆಚ್ಚಿನ ಜಾಗ್ರತೆ ಬೇಕು. 10 ಕೆಜಿ ಮಗುವಿನ ಮೈಯಲ್ಲಿ ಇರುವುದೇ ಸುಮಾರು 800 ಮಿಲಿ ರಕ್ತ. ಅದರಲ್ಲಿ ಒಂದು ಪಾಲು ಕೊಳವೆಯಲ್ಲಿ ಹೊರಗಿರುತ್ತದೆ.

ನನಗೆ ಎಲ್ಲಕ್ಕಿಂತ ಚಿಂತೆ ಹುಟ್ಟಿಸುವುದು ಬೇರೆ. ಯಂತ್ರ ಆಂಟಿಬಯೋಟಿಕ್ ಅನ್ನೂ ತೆಗೆದುಹಾಕುತ್ತದೆ. ಮೆರೊಪೆನೆಮ್, ವ್ಯಾಂಕೊಮೈಸಿನ್ ಥರದ ಔಷಧಿಗಳು ಸಿಆರ್‌ಆರ್‌ಟಿಯಲ್ಲಿ ರಕ್ತದಿಂದ ಹೊರಹೋಗುತ್ತವೆ, ಅಂಟಿಸುವ ಡಬ್ಬಿಗಳು ಕೂಡ ಕೆಲವು ಔಷಧಿಗಳನ್ನು ಹೀರುತ್ತವೆ. ಬ್ಯಾಕ್ಟೀರಿಯಾ ಕೊಲ್ಲುವ ಔಷಧಿಯೇ ಸಾಲದೆ ಹೋದರೆ ಉಳಿದದ್ದೆಲ್ಲ ವ್ಯರ್ಥ. ಯಂತ್ರ ನಡೆಯುತ್ತಿರುವಾಗ ಡೋಸ್ ಮತ್ತೆ ಲೆಕ್ಕ ಹಾಕಲೇಬೇಕು.

ಹಾನಿ ಅನ್ನುವುದು ಬರೀ ಊಹೆಯೂ ಅಲ್ಲ. ಇಟಲಿಯಲ್ಲಿ ಪ್ಲಾಸ್ಮಾ ಬೇರ್ಪಡಿಸಿ ಸೋಸಿ ವಾಪಸ್ ಕೊಡುವ ಸಿಪಿಎಫ್‌ಎ ವಿಧಾನದ ಎರಡನೇ ಅಧ್ಯಯನವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಚಿಕಿತ್ಸೆ ಪಡೆದ ಗುಂಪಿನಲ್ಲೇ ಮೊದಲ ಕೆಲವು ದಿನಗಳ ಸಾವು ಜಾಸ್ತಿ ಇತ್ತು.

ಹಾಗಾದರೆ ಜೀವ ಉಳಿಸುವುದು ಯಾವುದು?

ಹೆಸರಿನಲ್ಲಿ ಹೊಳಪಿಲ್ಲದ ಕೆಲಸಗಳು. ಶಾಕ್ ಇದ್ದರೆ ಒಂದು ಗಂಟೆಯೊಳಗೆ ಸರಿಯಾದ ಆಂಟಿಬಯೋಟಿಕ್. ಅದಕ್ಕೆ ಮೊದಲು, ತಡಮಾಡದೆ, ಬ್ಲಡ್ ಕಲ್ಚರ್. ಬಿಪಿ ಕುಸಿದ ಸೆಪ್ಸಿಸ್ ರೋಗಿಗಳ ದಾಖಲೆ ನೋಡಿದ 2006ರ ಅಧ್ಯಯನವೊಂದರಲ್ಲಿ, ಮೊದಲ 6 ಗಂಟೆಯಲ್ಲಿ ಆಂಟಿಬಯೋಟಿಕ್ ತಡವಾದ ಪ್ರತಿ ಗಂಟೆಗೂ ಬದುಕುವ ಪ್ರಮಾಣ ಸರಾಸರಿ ನೂರಕ್ಕೆ 7.6ರಷ್ಟು ಇಳಿಯುತ್ತಾ ಹೋಗಿತ್ತು. ಕಾರ್ಟ್ರಿಡ್ಜ್ ತರಿಸಲು ಓಡಾಡುವ ಗಂಟೆಗಳಿಗಿಂತ ಈ ಒಂದು ಗಂಟೆಗೆ ಬೆಲೆ ಜಾಸ್ತಿ.

ಆಮೇಲೆ ಒಡೆದ ಹೆಂಚು ಬದಲಿಸುವ ಕೆಲಸ. ಕೀವು ಇದ್ದರೆ ಹೊರಗೆ ತೆಗೆಯಬೇಕು. ಕರುಳು ತೂತಾಗಿದ್ದರೆ ಆಪರೇಷನ್ ಆಗಬೇಕು. ಕಲ್ಲು ಸಿಕ್ಕಿ ಮೂತ್ರ ಕಟ್ಟಿದ್ದರೆ ದಾರಿ ಮಾಡಿಕೊಡಬೇಕು. ಸೋಂಕು ತಗುಲಿದ ನಳಿಕೆಯನ್ನು ಕಿತ್ತು ಬದಲಿಸಬೇಕು. ಇದಾಗದೆ ಎಷ್ಟು ಸೋಸಿದರೂ ಪ್ರಯೋಜನ ಇಲ್ಲ. ಜೊತೆಗೆ ಸಲೈನ್, ಬಿಪಿಗೆ ನಾರ್‌ಅಡ್ರಿನಲಿನ್, ಬೇಕಿದ್ದರೆ ಸ್ಟಿರಾಯ್ಡ್, ಆಮ್ಲಜನಕ, ವೆಂಟಿಲೇಟರ್. ಕಲ್ಚರ್ ವರದಿ ಬಂದ ಮೇಲೆ ಔಷಧಿ ಸರಿಯಾಗಿದೆಯಾ ಅಂತ ಮತ್ತೆ ನೋಡುವುದು.

ಸಹಿ ಹಾಕುವ ಮುಂಚೆ ವೈದ್ಯರನ್ನು ಏನು ಕೇಳಬೇಕು?

ಮೊದಲು, "ಡಾಕ್ಟರೇ, ಇದು ಕಿಡ್ನಿಗಾ, ಇಲ್ಲ ನಂಜು ತೆಗೆಯಲಿಕ್ಕಾ?" ಕಿಡ್ನಿಗೆ ಅಂದರೆ ತಡಮಾಡಬೇಡಿ. ನಂಜಿಗೆ ಅಂದರೆ, "ಸೋಂಕು ಎಲ್ಲಿಂದ ಬಂತು ಅಂತ ಸಿಕ್ಕಿತಾ? ಅದನ್ನು ತೆಗೆದಾಯಿತಾ?" ಅಂತ ಕೇಳಿ. ಮೂಲ ಸಿಗದೆ ಕಾರ್ಟ್ರಿಡ್ಜ್ ಮಾತು ಬಂದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳುವುದು ತಪ್ಪಲ್ಲ. ಕಲ್ಚರ್‌ನಲ್ಲಿ ಯಾವ ಬ್ಯಾಕ್ಟೀರಿಯಾ ಬಂತು, ಆಂಟಿಬಯೋಟಿಕ್ ಡೋಸ್ ಹೇಗೆ ಸರಿಮಾಡುತ್ತೀರಿ, ಎಷ್ಟು ಹೊತ್ತು ಹಾಕಿ ನೋಡುತ್ತೀರಿ, ಏನು ಕಂಡರೆ ನಿಲ್ಲಿಸುತ್ತೀರಿ ಅಂತ ಕೂಡ ಕೇಳಿ. ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರ ಮಾಡಿಕೊಳ್ಳುವುದಿಲ್ಲ. ಪಕ್ಕಾ ಅಧ್ಯಯನದ ಭಾಗವಾಗಿ ಹಾಕುತ್ತಿದ್ದರೆ ಅದನ್ನು ಬಾಯಿಬಿಟ್ಟು ಹೇಳುತ್ತಾರೆ, ಕಾಗದವನ್ನೂ ಕೊಡುತ್ತಾರೆ.

ಖರ್ಚಿಗೆ ಹೆದರಿ ಬೇಡ ಅಂದರೆ, ಜೀವ ನಾವೇ ಕಳೆದ ಹಾಗಾಗುತ್ತದಾ?

ಇಲ್ಲ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಈ ಪ್ರಶ್ನೆ ಕೇಳಿದಾಗಲೆಲ್ಲ ನನ್ನ ಮನಸ್ಸು ಭಾರವಾಗುತ್ತದೆ. ಪ್ರಯೋಜನ ಸಾಬೀತಾಗದ ಕಾರ್ಟ್ರಿಡ್ಜ್ ಒಂದನ್ನು ಹಾಕಿಸದೆ ಇದ್ದದ್ದಕ್ಕೆ ಮಗನೋ ಮಗಳೋ ವರ್ಷಗಟ್ಟಲೆ ಕೊರಗುವುದು ಬೇಡ. ಆಂಟಿಬಯೋಟಿಕ್, ಆಪರೇಷನ್, ಡಯಾಲಿಸಿಸ್ ಸಿಕ್ಕಿದ್ದರೆ ಅವರಿಗೆ ಸಿಗಬೇಕಾದ ಮುಖ್ಯ ಚಿಕಿತ್ಸೆ ಸಿಕ್ಕಿದೆ. ಅದೇ ರೀತಿ, ಆಸೆಯಿಂದ ಹಾಕಿಸಿದವರು ಕೂಡ ತಪ್ಪು ಮಾಡಿಲ್ಲ.

ರಕ್ತ ಶುದ್ಧಿಗೆ ಕಷಾಯ, ಜ್ಯೂಸ್, ಗಿಡಮೂಲಿಕೆ ಕೊಡಬಹುದಾ?

ಬೇಡ. ಹೆಸರು ಒಂದೇ ಇದ್ದರೂ ವಿಷಯ ಬೇರೆ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ಏನನ್ನು ಹಾಕಿದರೂ ಶ್ವಾಸಕೋಶಕ್ಕೆ ಇಳಿಯುವ ಅಪಾಯ ಇದೆ. ಕಿಡ್ನಿ ಸೋತವರಿಗೆ ಹಣ್ಣಿನ ರಸದ ಪೊಟ್ಯಾಸಿಯಂ ಕೂಡ ಕೆಡುಕು ಮಾಡಬಹುದು.

ಡಯಾಲಿಸಿಸ್ ಶುರುವಾದರೆ ಜೀವನಪೂರ್ತಿನಾ?

ಹಾಗೇನಿಲ್ಲ. ಸೆಪ್ಸಿಸ್ ದಾಟಿ ಬದುಕಿದವರಲ್ಲಿ ಹೆಚ್ಚಿನವರ ಕಿಡ್ನಿ ಡಯಾಲಿಸಿಸ್ ಬಿಡುವಷ್ಟು ಚೇತರಿಸಿಕೊಳ್ಳುತ್ತದೆ. ಮೇಲೆ ಹೇಳಿದ 10.4 ಮತ್ತು 6 ಅನ್ನುವ ಅಂಕಿಗಳೇ ಅದನ್ನು ಹೇಳುತ್ತವೆ. ಮೂತ್ರ ಬರಲು ಶುರುವಾಗುವುದು ಮೊದಲ ಒಳ್ಳೆಯ ಸೂಚನೆ. ಮನೆಗೆ ಬಂದ ಮೇಲೂ ಕೆಲವು ತಿಂಗಳು, ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸುತ್ತಿರಿ. ವೈದ್ಯರನ್ನು ಕೇಳದೆ ನೋವಿನ ಮಾತ್ರೆ ನುಂಗಬೇಡಿ.

ಒಂದು ಸಲ ಬಂದವರಿಗೆ ಮತ್ತೆ ಬರಬಹುದಾ? ಏನು ಕಂಡರೆ ಆಸ್ಪತ್ರೆಗೆ ಓಡಬೇಕು?

ಬರಬಹುದು. ಹಾಗಾಗಿ ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ. ಜ್ವರ, ನಡುಕ ಇರಬಹುದು. ವಯಸ್ಸಾದವರಲ್ಲಿ ಜ್ವರ ಬಾರದೆ ಮೈ ತಣ್ಣಗಾಗುವುದೂ ಉಂಟು. ಮಾತು ತಡವರಿಸುವುದು, ಇದ್ದಕ್ಕಿದ್ದಂತೆ ಮಂಕಾಗುವುದು, ಓಡಿ ಬಂದವರ ಹಾಗೆ ಉಸಿರಾಡುವುದು, ಇಡೀ ದಿನ ಮೂತ್ರ ಹೋಗದಿರುವುದು, ಚರ್ಮ ಬಿಳಚಿಕೊಂಡು ಅಥವಾ ನೀಲಿ ಮಚ್ಚೆ ಮಚ್ಚೆಯಾಗಿ ಕಾಣುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ತುರ್ತು ವಿಭಾಗಕ್ಕೆ ಹೋದ ಕೂಡಲೇ "ಇವರಿಗೆ ಮುಂಚೆ ಸೆಪ್ಸಿಸ್ ಆಗಿತ್ತು, ಈಗ ಮತ್ತೆ ಅದೇ ಇರಬಹುದಾ?" ಅಂತ ನೀವೇ ಬಾಯಿಬಿಟ್ಟು ಕೇಳಿ.